ವೇದಿಕೆಯಲ್ಲಿ ವಿದ್ವಾಂಸರು, ಕಲಾವಿದರು: ಪದೇ ಪದೇ ಕೇಳುವ ಪ್ರಶ್ನೆಗಳು

ಉಪನ್ಯಾಸ ಮುಗಿದು ಜನ ಎದ್ದು ಹೊರಡುವಾಗ, ಬಾಗಿಲ ಹತ್ತಿರ ಯಾರಾದರೂ ನನ್ನನ್ನು ತಡೆದು ನಿಲ್ಲಿಸುತ್ತಾರೆ. ಮೈಕ್ ಮುಂದೆ ಕೇಳಿದ್ದಕ್ಕಿಂತ ಅಲ್ಲಿ ಕೇಳುವುದೇ ಜಾಸ್ತಿ. ಪತ್ರ ಬರೆದು ಕೇಳಿದವರಿದ್ದಾರೆ, ಜಗಳಕ್ಕೇ ಬಂದವರೂ ಇದ್ದಾರೆ. ಇಂಥ ಕಾರ್ಯಕ್ರಮಗಳಲ್ಲಿ ಕುರ್ಚಿ ಜೋಡಿಸುವುದರಿಂದ ಹಿಡಿದು ಪ್ರಶ್ನೋತ್ತರ ನಡೆಸುವವರೆಗೆ ಎಲ್ಲ ಕೆಲಸ ಮಾಡಿದ್ದೇನೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು, ಆದಷ್ಟು ಕೇಳಿದವರ ಮಾತಿನಲ್ಲೇ, ಇಲ್ಲಿ ಒಟ್ಟು ಹಾಕಿದ್ದೇನೆ.

## ಮೊದಮೊದಲು ಕೇಳುವುದು

ಸಾರ್ವಜನಿಕ ಉಪನ್ಯಾಸ ಅಂದ್ರೆ ಭಾಷಣಾನೇ ಅಲ್ವಾ? ಅದರಲ್ಲೇನು ವಿಶೇಷ?

ಭಾಷಣಾನೇ. ಆದರೆ ಓಟು ಕೇಳುವ ಭಾಷಣ ಅಲ್ಲ, ಪರೀಕ್ಷೆಗೆ ಬರುವ ಪಾಠವೂ ಅಲ್ಲ. ಒಬ್ಬರು ಒಂದು ವಿಷಯವನ್ನು ವರ್ಷಗಟ್ಟಲೆ ಅಗೆದು ನೋಡಿರುತ್ತಾರೆ. ಇತಿಹಾಸ ಬಲ್ಲವರಿರಬಹುದು, ರೋಗಗಳ ಬಗ್ಗೆ ಸಂಶೋಧನೆ ಮಾಡಿದವರಿರಬಹುದು, ನಾಟಕದವರು, ಫೋಟೊ ತೆಗೆಯುವವರು ಇರಬಹುದು. ತಾವು ಕಂಡದ್ದನ್ನು ಆ ವಿಷಯದ ಗಂಧವೂ ಇಲ್ಲದ ಜನರ ಮುಂದೆ ಇಡುತ್ತಾರೆ. ವಿಷಯ ಎಲ್ಲರ ಬದುಕಿಗೆ ತಾಗುವಂಥದ್ದು: ನೀರು, ಕೆಲಸ, ಯುದ್ಧ, ಮೇಲುಕೀಳು. ಆಮೇಲೆ ಜನ ಪ್ರಶ್ನೆ ಕೇಳುತ್ತಾರೆ. ನನ್ನ ಲೆಕ್ಕದಲ್ಲಿ ಈ ಕೊನೆಯ ಭಾಗ ಇಲ್ಲದಿದ್ದರೆ ಅದು ಸಾರ್ವಜನಿಕ ಉಪನ್ಯಾಸವೇ ಅಲ್ಲ. ಮಾತಾಡಿ ಮುಗಿಸಿ ಹಿಂಬಾಗಿಲಿಂದ ಕಾರು ಹತ್ತುವವರ ಕಾರ್ಯಕ್ರಮಕ್ಕೆ ಬೇರೆ ಏನಾದರೂ ಹೆಸರಿಡೋಣ.

ಇದೆಲ್ಲ ಯಾವಾಗ ಶುರುವಾಯ್ತು?

ಜನರನ್ನು ಕೂರಿಸಿಕೊಂಡು ಮಾತಾಡುವುದು ಎಲ್ಲ ಕಡೆಯೂ ಹಳೆಯದೇ. ಆದರೆ ವಿದ್ವಾಂಸರು ದಿನ, ಗಂಟೆ ಗೊತ್ತುಮಾಡಿ ಸಾಮಾನ್ಯ ಜನಕ್ಕೆ ಮಾತಾಡುವ ಈಗಿನ ರೂಪ ಗಟ್ಟಿಯಾಗಿದ್ದು 19ನೇ ಶತಮಾನದಲ್ಲಿ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ 1825ರ ಸುಮಾರಿಗೆ, ವಿದ್ಯುತ್ತಿನ ಬಗ್ಗೆ ಸಂಶೋಧನೆ ಮಾಡಿದ ವಿಜ್ಞಾನಿ ಮೈಕೆಲ್ ಫ್ಯಾರಡೆ ಮುಂದೆ ನಿಂತು ಶುಕ್ರವಾರ ಸಂಜೆಯ ಉಪನ್ಯಾಸಗಳನ್ನೂ ಮಕ್ಕಳ ಕ್ರಿಸ್‌ಮಸ್ ಉಪನ್ಯಾಸಗಳನ್ನೂ ಶುರು ಮಾಡಿಸಿದರು. 1826ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜೋಸಯ್ಯ ಹೋಲ್‌ಬ್ರುಕ್ ಎಂಬವರು ಲೈಸಿಯಂ ಎಂಬ ಚಳವಳಿ ಹೂಡಿದರು. ಚಿಕ್ಕ ಚಿಕ್ಕ ಊರಲ್ಲೂ ಉಪನ್ಯಾಸದ ಸಂಘ ಕಟ್ಟುವುದು ಅದರ ಕೆಲಸ. ಅಮೆರಿಕದ ಲೇಖಕ ಎಮರ್ಸನ್ ಚರ್ಚಿನ ಪಾದ್ರಿ ಕೆಲಸ ಬಿಟ್ಟು, ಜೀವಮಾನದಲ್ಲಿ ಸುಮಾರು 1,500 ಉಪನ್ಯಾಸ ಕೊಟ್ಟು ಹೊಟ್ಟೆ ಹೊರೆದದ್ದು ಇಂಥ ಸಭಾಂಗಣಗಳಿಂದಲೇ.

ಆಮೇಲೆ ರೇಡಿಯೊ ಬಂತು. ಬಿಬಿಸಿಯ ರೀತ್ ಉಪನ್ಯಾಸಮಾಲೆ 1948ರಲ್ಲಿ ಶುರುವಾಯಿತು, ಮೊದಲ ವರ್ಷ ಮಾತಾಡಿದ್ದು ತತ್ವಜ್ಞಾನಿ ಬರ್ಟ್ರಂಡ್ ರಸೆಲ್. ಚಿಕ್ಕ ಚಿಕ್ಕ ಭಾಷಣಗಳ ವೇದಿಕೆಯಾದ ಟೆಡ್ (TED) ಹುಟ್ಟಿದ್ದು 1984ರಲ್ಲಿ. ಅದರ ವಿಡಿಯೊಗಳು ಇಂಟರ್‌ನೆಟ್ಟಿಗೆ ಬಂದಿದ್ದು 2006ರಲ್ಲಿ. ಅಲ್ಲಿಂದಾಚೆಯದು ನಿಮಗೇ ಗೊತ್ತು.

ನಾನು ಅಷ್ಟೆಲ್ಲ ಓದಿದವಳಲ್ಲ. ಬಂದ್ರೆ ಅರ್ಥ ಆಗುತ್ತಾ?

ಅರ್ಥ ಆಗದಿದ್ದರೆ ತಪ್ಪು ನಿಮ್ಮದಲ್ಲ, ಮಾತಾಡಿದವರದು. ಆದರೆ ಒಂದು ಮಾತು: ಎಲ್ಲವೂ ಅರ್ಥ ಆಗಬೇಕು ಅಂತೇನೂ ಇಲ್ಲ. ಒಂದೂವರೆ ಗಂಟೆಯಲ್ಲಿ ಒಂದು ವಿಚಾರ ತಲೆಗೆ ಹತ್ತಿ ಮನೆವರೆಗೂ ಬಂದರೆ ಸಾಕು. ಹಿಂದಿನ ಸಾಲಲ್ಲಿ ಕೂರಬೇಡಿ, ಅಲ್ಲಿ ಗುಸುಗುಸು ಜಾಸ್ತಿ.

ಮನೇಲೇ ಕೂತು ಯೂಟ್ಯೂಬ್ ನೋಡಿದ್ರೆ ಸಾಲದಾ?

ಮಾಹಿತಿ ಬೇಕಿದ್ದರೆ ಸಾಕು. ಇನ್ನೂ ಚೆನ್ನಾಗಿಯೇ ಸಿಗಬಹುದು. ನಿಲ್ಲಿಸಿ, ಹಿಂದಕ್ಕೆ ಹೋಗಿ ಮತ್ತೆ ಕೇಳಬಹುದು. ನೈಜೀರಿಯಾದ ಲೇಖಕಿ ಚಿಮಮಾಂಡಾ ಅಡೀಚಿ 2009ರಲ್ಲಿ ಟೆಡ್ ವೇದಿಕೆಯಲ್ಲಿ ಒಂದೇ ಕಥೆ ನಂಬಿಕೊಂಡು ಒಂದು ಜನಾಂಗವನ್ನು ನೋಡುವ ಅಪಾಯದ ಬಗ್ಗೆ ಮಾತಾಡಿದರು. ಅಂದು ಆ ಸಭಾಂಗಣದಲ್ಲಿ ಕೂತವರು ಎಷ್ಟು ಮಂದಿ, ಆಮೇಲೆ ಮೊಬೈಲಲ್ಲಿ ಕೇಳಿದವರು ಎಷ್ಟು ಮಂದಿ! ಹಾಗಾಗಿ ವಿಡಿಯೊವನ್ನು ಹಳಿಯುವುದು ಸುಮ್ನೆ ಜಂಬ.

ಆದರೆ ವಿಡಿಯೊದಲ್ಲಿ ಮಾತಾಡುವವರಿಗೆ ನಿಮ್ಮ ಮುಖ ಕಾಣುವುದಿಲ್ಲ. ಸಭಾಂಗಣದಲ್ಲಿ ಕಾಣುತ್ತದೆ. ಮೂರನೇ ಸಾಲಲ್ಲಿ ಯಾರೋ ಹುಬ್ಬು ಗಂಟಿಕ್ಕಿದರೆ ಅನುಭವ ಇದ್ದವರು ಅಲ್ಲೇ ನಿಂತು, ಇನ್ನೊಂದು ಉದಾಹರಣೆ ಹುಡುಕುತ್ತಾರೆ. ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಕೈ ಎತ್ತಬಹುದು. ಅವರು ಅದೇ ಕ್ಷಣ, ಅಷ್ಟೂ ಜನರ ಎದುರು ಉತ್ತರ ಕೊಡಬೇಕು. ನಾನು ಇಷ್ಟು ವರ್ಷ ಕುರ್ಚಿ ಹೊತ್ತಿದ್ದು ಆ ಒಂದು ಕ್ಷಣಕ್ಕೆ.

## ಯಾರು ಮಾತಾಡಬೇಕು, ಯಾಕೆ

ಸಂಶೋಧನೆ ಮಾಡೋರು ತಮ್ಮ ಪಾಡಿಗೆ ಮಾಡಿಕೊಂಡಿದ್ರೆ ಆಗಲ್ವಾ? ಬೀದಿಗೆ ಯಾಕೆ ಬರಬೇಕು?

ಫ್ಯಾರಡೆಯ ಕಥೆ ಹೇಳುತ್ತೇನೆ. 1853ರಲ್ಲಿ ಇಂಗ್ಲೆಂಡಿನಲ್ಲಿ ಮೇಜು ತಿರುಗಿಸುವ ಹುಚ್ಚು ಹಬ್ಬಿತ್ತು. ನಾಲ್ಕಾರು ಜನ ಮೇಜಿನ ಸುತ್ತ ಕೂತು ಮೇಲೆ ಕೈ ಇಡುವುದು. ಸ್ವಲ್ಪ ಹೊತ್ತಿಗೆ ಮೇಜು ತಾನಾಗಿ ಸರಿಯುತ್ತದೆ, ತಿರುಗುತ್ತದೆ. ಆತ್ಮಗಳ ಕೆಲಸ ಅಂದರು ಕೆಲವರು, ವಿದ್ಯುತ್ತು ಅಂದರು ಇನ್ನು ಕೆಲವರು. ಎರಡನೇ ಮಾತಿಗೆ ಫ್ಯಾರಡೆಯ ಹೆಸರನ್ನೂ ಎಳೆದು ತರುತ್ತಿದ್ದರು. ಅವರು ಬೈಯಲಿಲ್ಲ. ಜಾರುವ ಪದರಗಳಿರುವ ಒಂದು ಸಣ್ಣ ಸಾಧನ ಮಾಡಿ, ಕೈಗೂ ಮೇಜಿಗೂ ನಡುವೆ ಇಟ್ಟರು. ಮೇಲಿನ ಪದರ ಮೊದಲು ಸರಿದರೆ ಕೈ ತಳ್ಳಿದೆ, ಕೆಳಗಿನದು ಮೊದಲು ಸರಿದರೆ ಮೇಜು ಎಳೆದಿದೆ. ಸರಿದಿದ್ದು ಮೇಲಿನದೇ. ಕೂತವರು ತಮಗೇ ಗೊತ್ತಿಲ್ಲದೆ ತಳ್ಳುತ್ತಿದ್ದರು. ಪಕ್ಕದಲ್ಲಿ ಒಂದು ಕಡ್ಡಿಯ ಮುಳ್ಳು ಇಟ್ಟು, ಕೈ ತಳ್ಳುವುದು ಅವರ ಕಣ್ಣಿಗೇ ಕಾಣುವ ಹಾಗೆ ಮಾಡಿದಾಗ ಮೇಜು ಅಲುಗಲೇ ಇಲ್ಲ!

ಮರುವರ್ಷ, 1854ರ ಮೇ ತಿಂಗಳಲ್ಲಿ, ಅವರು ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಇದೇ ಎಳೆ ಹಿಡಿದು ಮಾತಾಡಿದರು. ಮೇಜು ನೆಪ ಅಷ್ಟೆ. ನಮಗೆ ಬೇಕಾದ್ದನ್ನು ನಂಬುವ ಆಸೆ ನಮ್ಮ ತೀರ್ಮಾನವನ್ನು ಹೇಗೆ ಕೆಡಿಸುತ್ತದೆ ಎಂಬುದು ವಿಷಯ. ಗೊತ್ತಿದ್ದವರು ಬಾಯಿ ಮುಚ್ಚಿಕೊಂಡಿದ್ದರೆ ಆ ಜಾಗ ಖಾಲಿ ಇರುವುದಿಲ್ಲ, ಗೊತ್ತಿಲ್ಲದವರು ಬಂದು ಕೂರುತ್ತಾರೆ.

ಕಲಾವಿದರಿಗೆ ಯಾಕೆ ಸಮಾಜದ ಉಸಾಬರಿ? ಹಾಡೋರು ಹಾಡಲಿ, ಬರೆಯೋರು ಬರೀಲಿ.

ಪತ್ರಗಳಲ್ಲಿ ಇದು ಪ್ರಶ್ನೆಯಾಗಿ ಬರುವುದೇ ಇಲ್ಲ, ತೀರ್ಪಾಗಿ ಬರುತ್ತದೆ. ಕಲಾವಿದರು ಎಲ್ಲದಕ್ಕೂ ಅಭಿಪ್ರಾಯ ಕೊಡಬೇಕು ಅಂತ ನಾನೂ ಅನ್ನುವುದಿಲ್ಲ. ಚೆನ್ನಾಗಿ ಹಾಡುವವರ ಆರ್ಥಿಕ ಸಲಹೆ ಕೇಳಿ ನಾನೂ ತಲೆ ಚಚ್ಚಿಕೊಂಡಿದ್ದೇನೆ. ಆದರೆ ಕಲಾವಿದರಿಗೆ ಒಂದು ಕಸುಬು ಗೊತ್ತು. ಎಲ್ಲರೂ ದಿನಾ ನೋಡುವುದನ್ನು ಹೊಸದಾಗಿ ಕಾಣಿಸುವುದು.

ಜರ್ಮನಿಯ ಕಾಸೆಲ್ ಊರಿನಲ್ಲಿ 1972ರಲ್ಲಿ ಡಾಕ್ಯುಮೆಂಟಾ ಕಲಾ ಪ್ರದರ್ಶನ ನಡೆಯಿತು. ಯೋಸೆಫ್ ಬಾಯ್ಸ್ ಅಲ್ಲಿ ಶಿಲ್ಪ ತಂದಿಡಲಿಲ್ಲ. ಒಂದು ಕಚೇರಿ ತೆರೆದು, ಮೇಜಿನ ಮೇಲೆ ಗಾಜಿನ ಕೊಳವೆಯಲ್ಲಿ ಒಂದು ಗುಲಾಬಿ ಇಟ್ಟು, 100 ದಿನ ಬಂದವರ ಜೊತೆ ಪ್ರಜಾಪ್ರಭುತ್ವದ ಬಗ್ಗೆ ಮಾತಾಡಿದರು. ಬೈದವರೂ ಇದ್ದರು, ಅವರ ಜೊತೆಯೂ ಮಾತಾಡಿದರು. ಆ ಮಾತುಕತೆಯೇ ಅವರ ಕಲಾಕೃತಿ. 2013ರಲ್ಲಿ ರೀತ್ ಉಪನ್ಯಾಸ ಕೊಟ್ಟ ಗ್ರೇಸನ್ ಪೆರಿ ಮಡಕೆ ಮಾಡುವ ಕಲಾವಿದ. ಕಲೆಯ ಲೋಕದ ಬಾಗಿಲಲ್ಲಿ ಯಾರನ್ನು ಒಳಗೆ ಬಿಡುತ್ತಾರೆ, ಯಾರನ್ನು ಬಿಡುವುದಿಲ್ಲ ಅಂತ ಜನರನ್ನು ನಗಿಸುತ್ತಲೇ ಬಿಡಿಸಿಟ್ಟರು.

ಬ್ರೆಜಿಲ್‌ನ ಆಗಸ್ಟೊ ಬೋಆಲ್ ಇನ್ನೂ ಮುಂದೆ ಹೋದರು. ಅವರ ನಾಟಕದಲ್ಲಿ ಪ್ರೇಕ್ಷಕರು ಎದ್ದು ಬಂದು, 'ಇಲ್ಲಿ ಹೀಗಲ್ಲ, ಹೀಗೆ ಮಾಡಬೇಕಿತ್ತು' ಅಂತ ಪಾತ್ರದ ಜಾಗದಲ್ಲಿ ನಿಂತು ಆಡಿ ತೋರಿಸಬಹುದಿತ್ತು. 1990ರ ದಶಕದಲ್ಲಿ ಅವರು ರಿಯೊ ಡಿ ಜನೈರೊ ನಗರಸಭೆಯ ಸದಸ್ಯರಾದರು. ಹೀಗೆ ಜನ ಆಡಿ ತೋರಿಸಿದ ವಿಷಯಗಳಲ್ಲಿ 13 ಕಾನೂನುಗಳಾದವು.

ಒಂದು ವಿಷಯ ಓದಿದವರು ಇನ್ನೊಂದು ವಿಷಯದ ಬಗ್ಗೆ ಮಾತಾಡಬಹುದಾ?

ಮಾತಾಡಬಹುದು, ನಾವು ನಂಬುವ ಮುಂಚೆ ಸ್ವಲ್ಪ ನೋಡಬೇಕು. ಇದಕ್ಕೆ ಲೈನಸ್ ಪೌಲಿಂಗ್ ಒಬ್ಬರೇ ಎರಡೂ ಕಡೆಯ ಸಾಕ್ಷಿ. 1954ರಲ್ಲಿ ರಸಾಯನಶಾಸ್ತ್ರಕ್ಕೆ ನೊಬೆಲ್ ಪಡೆದವರು. 1957ರ ಮೇ ತಿಂಗಳಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ, ಅಣುಬಾಂಬ್ ಪರೀಕ್ಷೆಗಳಿಂದ ಉದುರುವ ವಿಕಿರಣದ ದೂಳಿನ ಬಗ್ಗೆ ಮಾತಾಡಿದರು. ಆ ಉಪನ್ಯಾಸದ ಬೆನ್ನಿಗೇ ಪರೀಕ್ಷೆ ನಿಲ್ಲಿಸಿ ಎಂಬ ಮನವಿ ಬರೆದರು. ಮರುವರ್ಷ 9,000ಕ್ಕೂ ಹೆಚ್ಚು ವಿಜ್ಞಾನಿಗಳ ಸಹಿಯೊಂದಿಗೆ ಅದು ವಿಶ್ವಸಂಸ್ಥೆಗೆ ಹೋಯಿತು. 1963ರಲ್ಲಿ ನೆಲದ ಮೇಲೆ, ಗಾಳಿಯಲ್ಲಿ ನಡೆಸುವ ಪರೀಕ್ಷೆಗಳನ್ನು ನಿಲ್ಲಿಸುವ ಒಪ್ಪಂದ ಆಯಿತು. ಪೌಲಿಂಗ್‌ಗೆ 1962ರ ಶಾಂತಿ ನೊಬೆಲ್ ಬಂತು.

ಅದೇ ಪೌಲಿಂಗ್ 1970ರಿಂದ ಮುಂದೆ, ವಿಟಮಿನ್ ಸಿ ಜಾಸ್ತಿ ತಿಂದರೆ ನೆಗಡಿ ಬರುವುದಿಲ್ಲ ಅಂತ ಊರೂರಲ್ಲಿ ಹೇಳಿದರು. ಜನ ನಂಬಿದರು, ಮಾತ್ರೆ ಕೊಂಡರು. ಪರೀಕ್ಷೆ ಮಾಡಿ ನೋಡಿದವರಿಗೆ ಆ ಫಲ ಕಾಣಲಿಲ್ಲ. ಬಾಯಿ ಅದೇ, ಹೆಸರೂ ಅದೇ. ಮೊದಲ ಸಲ ಬೆನ್ನಿಗೆ ಬೇರೆ ವಿಜ್ಞಾನಿಗಳೂ ಲೆಕ್ಕಾಚಾರವೂ ಇತ್ತು. ಎರಡನೇ ಸಲ ಹೆಸರೇ ಜಾಸ್ತಿ ಕೆಲಸ ಮಾಡಿತು. ಹಾಗಾಗಿ ಪರಿಚಯ ಪತ್ರದ ಪ್ರಶಸ್ತಿಗಳ ಪಟ್ಟಿ ನೋಡುವುದು ಬಿಡಿ. 'ಇದು ನಿಮಗೆ ಹೇಗೆ ಗೊತ್ತು?' ಅಂತ ಕೇಳಿ.

ಒಂದೇ ಕಡೆಯವರನ್ನ ಕರೀತೀರಿ. ಎರಡೂ ಕಡೆಯವರು ಇರಬೇಕಲ್ವಾ?

ವಿಷಯದ ಮೇಲೆ ಹೋಗುತ್ತದೆ. 1965ರ ಫೆಬ್ರವರಿಯಲ್ಲಿ ಕೇಂಬ್ರಿಜ್ ವಿದ್ಯಾರ್ಥಿಗಳ ಚರ್ಚಾಕೂಟದಲ್ಲಿ ಅಮೆರಿಕದ ಕರಿಯ ಕಾದಂಬರಿಕಾರ ಜೇಮ್ಸ್ ಬಾಲ್ಡ್‌ವಿನ್ ಮತ್ತು ಸಂಪ್ರದಾಯವಾದಿ ಪತ್ರಕರ್ತ ವಿಲಿಯಂ ಬಕ್ಲಿ ಎದುರುಬದುರಾದರು. ಅಮೆರಿಕದ ಕನಸು ಕರಿಯರನ್ನು ಬಲಿಕೊಟ್ಟು ನಿಂತಿದೆಯೇ ಎಂಬುದು ವಿಷಯ. ಕೊನೆಗೆ ಮತ ಹಾಕಿದರು: ಬಾಲ್ಡ್‌ವಿನ್ ಕಡೆಗೆ 544, ಬಕ್ಲಿ ಕಡೆಗೆ 164. ನ್ಯಾಯ ಅನ್ಯಾಯದ ವಾದಕ್ಕೆ ಇಂಥ ಏರ್ಪಾಡು ಸರಿಹೋಗುತ್ತದೆ.

ಆದರೆ ಸಿಗರೇಟಿನಿಂದ ಕ್ಯಾನ್ಸರ್ ಬರುತ್ತದಾ ಇಲ್ಲವಾ ಅನ್ನುವುದಕ್ಕೆ ಇಬ್ಬರನ್ನು ಕೂರಿಸಿದರೆ ಇಲ್ಲದ ಅನುಮಾನವನ್ನು ನಾವೇ ಹುಟ್ಟಿಸಿದ ಹಾಗೆ. ಅಮೆರಿಕದ ಒಂದು ಸಿಗರೇಟ್ ಕಂಪನಿಯ 1969ರ ಒಳಗಿನ ಟಿಪ್ಪಣಿಯಲ್ಲಿ, ಅನುಮಾನವೇ ನಮ್ಮ ಸರಕು ಅಂತ ಬರೆದಿತ್ತು. ಆ ಸರಕು ಮಾರಲು ವೇದಿಕೆ ಹಾಕಿಕೊಡುವ ಕೆಲಸ ನನಗೆ ಬೇಡ.

ಇಷ್ಟೆಲ್ಲ ಮಾತಾಡಿ ಏನಾದ್ರೂ ಬದಲಾಗಿದೆಯಾ?

ಮಾತೊಂದರಿಂದಲೇ? ಇಲ್ಲ. ಫ್ರೆಡರಿಕ್ ಡಗ್ಲಸ್ 1852ರ ಜುಲೈ 5ರಂದು ಅಮೆರಿಕದ ರೋಚೆಸ್ಟರ್‌ನಲ್ಲಿ, ನಿಮ್ಮ ಸ್ವಾತಂತ್ರ್ಯದ ಹಬ್ಬ ಗುಲಾಮನಿಗೆ ಏನು ಅಂತ ಕೇಳಿದರು. ಸ್ವತಃ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು. ಗುಲಾಮಗಿರಿ ಕಾನೂನಿನಲ್ಲಿ ಕೊನೆಯಾಗಿದ್ದು 1865ರಲ್ಲಿ, ನಡುವೆ ಒಂದು ಯುದ್ಧವೇ ಆಯಿತು. ಇಂಗ್ಲಿಷ್ ಕಾದಂಬರಿಗಾರ್ತಿ ವರ್ಜೀನಿಯಾ ವುಲ್ಫ್ 1928ರ ಅಕ್ಟೋಬರಿನಲ್ಲಿ ಕೇಂಬ್ರಿಜ್‌ನ ಎರಡು ಮಹಿಳಾ ಕಾಲೇಜುಗಳಲ್ಲಿ ಮಾತಾಡಿದರು. ಬರೆಯುವ ಹೆಣ್ಣಿಗೆ ವರ್ಷಕ್ಕೆ 500 ಪೌಂಡ್ ಆದಾಯ ಮತ್ತು ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ ಬೇಕು ಎಂಬ ಅವರ ಮಾತು ಬೆಳೆದಿದ್ದು ಅಲ್ಲಿಂದ. ಅದೇ ಕೇಂಬ್ರಿಜ್ ಹೆಣ್ಣುಮಕ್ಕಳಿಗೆ ಪೂರ್ಣ ಪದವಿ ಕೊಡಲು ಶುರು ಮಾಡಿದ್ದು ಇನ್ನೂ 20 ವರ್ಷ ಆದಮೇಲೆ, 1948ರಲ್ಲಿ.

ಹಾಗಂತ ಖಾಲಿ ಮಾತು ಅಂತ ತಳ್ಳಿಹಾಕುವುದೂ ಸುಲಭ ಅಲ್ಲ. ಒಂದು ಕೋಣೆ, ಒಂದು ಆದಾಯ ಅಂದಾಗ, ಏನೋ ಸರಿಯಿಲ್ಲ ಅಂತ ಒಳಗೊಳಗೇ ಅನಿಸುತ್ತಿದ್ದುದಕ್ಕೆ ಕೈಯಲ್ಲಿ ಹಿಡಿಯಬಹುದಾದ ಒಂದು ಹೆಸರು ಸಿಕ್ಕಿತು. ಹೆಸರು ಸಿಕ್ಕಿದ್ದನ್ನು ಕೇಳಬಹುದು, ಅದಕ್ಕಾಗಿ ಜಗಳ ಆಡಬಹುದು.

## ಕಾರ್ಯಕ್ರಮ ನಡೆಸುವವರು ಕೇಳುವುದು

ಎಷ್ಟು ಹೊತ್ತು ಇರಬೇಕು?

ಟೆಡ್‌ನವರು 18 ನಿಮಿಷ ಅನ್ನುತ್ತಾರೆ, ರಾಯಲ್ ಇನ್‌ಸ್ಟಿಟ್ಯೂಷನ್‌ನವರು ಒಂದು ಗಂಟೆ. ನಾನು 40 ನಿಮಿಷ ಮಾತಿಗೆ, 40 ನಿಮಿಷ ಪ್ರಶ್ನೆಗೆ ಇಡುತ್ತೇನೆ. ಪರಿಚಯ ಭಾಷಣಕ್ಕೆ ಮೂರು ನಿಮಿಷ, ಅದಕ್ಕಿಂತ ಒಂದು ಸೆಕೆಂಡ್ ಜಾಸ್ತಿ ಬೇಡ.

ಪ್ರಶ್ನೆ ಕೇಳಿ ಅಂದ್ರೆ ಒಬ್ಬರೇ ಎದ್ದು ಭಾಷಣ ಶುರು ಮಾಡ್ತಾರೆ. ಏನು ಮಾಡೋದು?

ಅಯ್ಯೋ, ನನ್ನ ಹಳೆಯ ಗಾಯ ಇದು. ಒಮ್ಮೆ ಒಬ್ಬ ಹಿರಿಯರು 'ನನ್ನದು ಎರಡೇ ಪ್ರಶ್ನೆ' ಅಂತ ಮೈಕ್ ತಗೊಂಡರು. ಜೇಬಿಂದ ಮಡಿಸಿದ ಹಾಳೆ ತೆಗೆದಾಗಲೇ ನನಗೆ ಎದೆ ಝಲ್ ಅಂತು. ಹಾಳೆಯ ಎರಡೂ ಮಗ್ಗುಲಲ್ಲಿ ಬರೆದಿತ್ತು. 11 ನಿಮಿಷ ಓದಿದರು. ಉಪನ್ಯಾಸಕಿ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತಿದ್ದರು. ಕೊನೆಗೆ ಹಾಳೆ ಮಡಿಸಿ, 'ಇದಕ್ಕೆ ನಿಮ್ಮ ಅಭಿಪ್ರಾಯ?' ಅಂದರು. ಅಷ್ಟರಲ್ಲಿ ಅರ್ಧ ಸಭಾಂಗಣ ಖಾಲಿ. ತಪ್ಪು ಅವರದಲ್ಲ, ಮೈಕ್ ಕೊಟ್ಟ ನನ್ನದು.

ಅವತ್ತಿನಿಂದ ಮೈಕನ್ನು ಯಾರ ಕೈಗೂ ಕೊಡುವುದಿಲ್ಲ. ನಮ್ಮ ಸ್ವಯಂಸೇವಕರು ಅದನ್ನು ಹಿಡಿದು ಪಕ್ಕದಲ್ಲಿ ನಿಲ್ಲುತ್ತಾರೆ. ಮಾತು ಉದ್ದವಾದರೆ ಮೈಕ್ ಮೆಲ್ಲಗೆ ಹಿಂದೆ ಸರಿಯುತ್ತದೆ. ಮಾತು ಮುಗಿದ ಕೂಡಲೇ ಪ್ರಶ್ನೆಗೆ ಹೋಗುವುದಿಲ್ಲ. ಎರಡು ನಿಮಿಷ ಪಕ್ಕದವರ ಜೊತೆ ಮಾತಾಡಿ ಅನ್ನುತ್ತೇನೆ. ಒಬ್ಬರೇ ಕೂತು ನಾಚಿಕೊಳ್ಳುವವರು ಪಕ್ಕದವರು 'ಕೇಳಿ ಕೇಳಿ' ಅಂದರೆ ಕೈ ಎತ್ತುತ್ತಾರೆ. ಚೀಟಿ ಬರೆದು ಕೊಡುವುದೂ ನಡೆಯುತ್ತದೆ, ಆದರೆ ಚೀಟಿಗೆ ಮರುಪ್ರಶ್ನೆ ಹಾಕಲು ಬರುವುದಿಲ್ಲ.

ಮೊದಲ ಪ್ರಶ್ನೆ ಯಾರದು ಅನ್ನುವುದೂ ಮುಖ್ಯ. 10 ದೇಶಗಳ 35 ಸಂಸ್ಥೆಗಳಲ್ಲಿ ನಡೆದ 247 ಸೆಮಿನಾರ್‌ಗಳನ್ನು ಕೂತು ನೋಡಿ, 2018ರಲ್ಲಿ ಒಂದು ಅಧ್ಯಯನ ಬಂತು. ಹೆಂಗಸರಿಗಿಂತ ಗಂಡಸರು ಪ್ರಶ್ನೆ ಕೇಳುವ ಸಾಧ್ಯತೆ ಎರಡೂವರೆ ಪಟ್ಟು ಜಾಸ್ತಿ. ಮೊದಲ ಪ್ರಶ್ನೆ ಗಂಡಸರದ್ದಾದರೆ ಆಮೇಲೆ ಹೆಂಗಸರು ಕೇಳುವುದು ಇನ್ನೂ ಕಡಿಮೆ. ಅದಕ್ಕೇ ನಾನು ಮೊದಲು ಹುಡುಗಿಯರ ಸಾಲಿನ ಕಡೆ ನೋಡುತ್ತೇನೆ. ಪಕ್ಷಪಾತ ಅಂತ ಬೈಸಿಕೊಂಡಿದ್ದೂ ಇದೆ.

ಬರೋರಿಗೆ ದುಡ್ಡು ಕೊಡಬೇಕಾ?

ಕೊಡಬೇಕು. ಮೈಕಿನವರಿಗೆ ಕೊಡುತ್ತೀರಿ, ಸಭಾಂಗಣದ ಬಾಡಿಗೆ ಕೊಡುತ್ತೀರಿ. ಹತ್ತು ವರ್ಷದ ಓದನ್ನು ಮಾತ್ರ ಪುಕ್ಕಟೆ ಕೇಳುವುದು ಯಾವ ನ್ಯಾಯ? ಅದರಲ್ಲೂ ಸಂಬಳ ಇಲ್ಲದ ಕಲಾವಿದರಿಗೆ ಮೊದಲು ಕೊಡಿ.

ಭಾಷಣದ ಪ್ರತಿ ಮುಂಚೆಯೇ ತರಿಸಿ ನೋಡಬಹುದಾ?

ಸಂಜ್ಞಾಭಾಷೆಯವರಿಗೆ, ಅನುವಾದ ಮಾಡುವವರಿಗೆ ಬೇಕು ಅಂದರೆ ಖಂಡಿತ ಕೇಳಿ. ತಿದ್ದಲಿಕ್ಕೆ ಅಂದರೆ ಬೇಡ. 1936ರಲ್ಲಿ, ಜಾತಿ ಮುರಿಯಬೇಕೆಂಬ ಲಾಹೋರಿನ ಸಂಘ ಜಾತ್-ಪಾತ್ ತೋಡಕ್ ಮಂಡಲ ತನ್ನ ಸಮ್ಮೇಳನದ ಅಧ್ಯಕ್ಷತೆಗೆ ಅಂಬೇಡ್ಕರ್ ಅವರನ್ನು ಕರೆದಿತ್ತು. ಭಾಷಣದ ಪ್ರತಿ ನೋಡಿದ ಮೇಲೆ ಕೆಲವು ಭಾಗ ತೆಗೆಯಿರಿ ಎಂದಿತು. ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಎಂದು ಅವರು ಬರೆದರು. ಸಮ್ಮೇಳನವೇ ರದ್ದಾಯಿತು. ಅವರು ತಮ್ಮ ಖರ್ಚಿನಲ್ಲೇ 1,500 ಪ್ರತಿ ಅಚ್ಚು ಹಾಕಿಸಿದರು. ವೇದಿಕೆ ಹತ್ತದ ಆ ಭಾಷಣವನ್ನು ಜನ ಇವತ್ತಿಗೂ ಓದುತ್ತಿದ್ದಾರೆ.

## ಕಷ್ಟದ ಪ್ರಶ್ನೆಗಳು

ನೊಂದವರ ಕಥೇನ ನೊಂದವರೇ ಹೇಳಬೇಕಾ, ಓದಿದವರು ಹೇಳಬಹುದಾ?

ಇಬ್ಬರೂ ಹೇಳಬಹುದು, ಆದರೆ ಒಬ್ಬರ ಬಾಯಿಗೆ ಇನ್ನೊಬ್ಬರ ಮಾತು ತುರುಕಬಾರದು. ಅಮೆರಿಕದಲ್ಲಿ ಗುಲಾಮಳಾಗಿ ಹುಟ್ಟಿ ಬಿಡುಗಡೆ ಪಡೆದ ಸೋಜರ್ನರ್ ಟ್ರೂತ್ ಅವರದೇ ನೋಡಿ. 1851ರಲ್ಲಿ ಒಹಾಯೊದ ಆಕ್ರನ್‌ನಲ್ಲಿ, ಮಹಿಳಾ ಹಕ್ಕುಗಳ ಸಮಾವೇಶದಲ್ಲಿ ಮಾತಾಡಿದರು. ಮುಂದಿನ ತಿಂಗಳೇ ಒಂದು ಪತ್ರಿಕೆಯಲ್ಲಿ ಆ ಮಾತು ಅಚ್ಚಾಯಿತು. 12 ವರ್ಷದ ನಂತರ, 1863ರಲ್ಲಿ, ಫ್ರಾನ್ಸಿಸ್ ಗೇಜ್ ಎಂಬ ಲೇಖಕಿ ಬೇರೆಯೇ ಒಂದು ರೂಪ ಬರೆದರು. 'ನಾನೂ ಹೆಣ್ಣಲ್ಲವೇ' ಎಂಬ ಸಾಲು ಮತ್ತೆ ಮತ್ತೆ ಬರುವುದು ಅದರಲ್ಲಿ ಮಾತ್ರ. ಮೊದಲ ವರದಿಯಲ್ಲಿ ಆ ಸಾಲೇ ಇಲ್ಲ. ಗೇಜ್ ಟ್ರೂತ್ ಬಾಯಲ್ಲಿ ಅಮೆರಿಕದ ದಕ್ಷಿಣದ ಗುಲಾಮರ ಆಡುನುಡಿ ಆಡಿಸಿದರು. ಟ್ರೂತ್ ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದಲ್ಲಿ, ಅವರ ಮೊದಲ ಭಾಷೆ ಡಚ್! ಗೇಜ್ ಅವರದು ಒಳ್ಳೆಯ ಉದ್ದೇಶವೇ. ಆದರೂ ಜಗತ್ತು ನೆನಪಿಟ್ಟಿದ್ದು ಗೇಜ್ ಬರೆದ ಟ್ರೂತ್ ಅವರನ್ನು.

ಹಾಗಾದ್ರೆ ಎಲ್ಲಾನೂ ರೆಕಾರ್ಡ್ ಮಾಡಿ ಹಾಕಬೇಕಲ್ವಾ?

ಉಪನ್ಯಾಸವನ್ನು ಮಾಡಿ, ಪೂರ್ತಿ ಹಾಕಿ. ಅರ್ಧ ನಿಮಿಷದ ತುಣುಕು ಬೇರೆಯವರು ಕತ್ತರಿಸಿ ಹರಿಬಿಟ್ಟಾಗ, ಮೂಲ ಇಲ್ಲಿದೆ ನೋಡಿ ಅನ್ನಲು ಅದೊಂದೇ ದಾರಿ. ಪ್ರಶ್ನೋತ್ತರದ ಕತೆ ಬೇರೆ. ಮನೆಯ ಕಷ್ಟ, ಕೆಲಸದ ಜಾಗದ ಕಷ್ಟ ಹೇಳಿಕೊಂಡವರ ಮುಖ ಅವರನ್ನು ಕೇಳದೆ ಹಾಕಬಾರದು. ನಾನು ಪ್ರಶ್ನೋತ್ತರಕ್ಕೆ ಕ್ಯಾಮೆರಾ ಆಫ್ ಮಾಡಿಸುತ್ತೇನೆ, ಮಾಡಿಸಿದ್ದೇನೆ ಅಂತ ಮೈಕಿನಲ್ಲೇ ಹೇಳುತ್ತೇನೆ. ತಕ್ಷಣ ಎರಡು ಮೂರು ಕೈ ಮೇಲೇಳುತ್ತವೆ.

ಗಲಾಟೆ ಮಾಡೋಕೇ ಬಂದವರಿದ್ರೆ?

ಕೂಗಿ ಪ್ರಶ್ನೆ ಕೇಳುವವರು ಬೇರೆ, ಯಾರೂ ಮಾತಾಡದ ಹಾಗೆ ಮಾಡಲು ಬಂದವರು ಬೇರೆ. ಮೊದಲನೆಯವರಿಗೆ ಮೊದಲ ಅವಕಾಶ ಕೊಡಿ, ಸಿಟ್ಟು ಅರ್ಧ ಇಳಿಯುತ್ತದೆ. ಎರಡನೆಯವರ ಬಗ್ಗೆ ಸುಳಿವಿದ್ದರೆ ಉಪನ್ಯಾಸಕರಿಗೆ ಮುಂಚೆಯೇ ತಿಳಿಸಿ. ಬರುವುದು ಬಿಡುವುದು ಅವರ ಇಷ್ಟ, ಅವರ ಧೈರ್ಯವನ್ನು ನಾವು ಖರ್ಚು ಮಾಡಬಾರದು. ಒಮ್ಮೆ ಸಭಾಂಗಣದವರು ಹಿಂದಿನ ದಿನ ರಾತ್ರಿ ಫೋನ್ ಮಾಡಿ, 'ನಲ್ಲಿ ರಿಪೇರಿ ಇದೆ, ಕೊಡಕ್ಕಾಗಲ್ಲ' ಅಂದರು. ಯಾವ ನಲ್ಲಿ ಅಂತ ನಾನು ಕೇಳಲಿಲ್ಲ.

ಹನ್ನೆರಡೇ ಜನ ಬಂದ್ರೆ ನಡೆಸಬೇಕಾ, ರದ್ದು ಮಾಡಬೇಕಾ?

ನಡೆಸಿ. ರಾತ್ರಿ ಪಾಳಿಯ ಕೆಲಸ ಮತ್ತು ಆರೋಗ್ಯದ ಬಗ್ಗೆ ಒಬ್ಬ ಸಂಶೋಧಕಿ ಮಾತಾಡಲು ಬಂದಿದ್ದರು. 200 ಕುರ್ಚಿ ಹಾಕಿದ್ದೆವು, ಬಂದವರು ಹನ್ನೊಂದು ಜನ. ಕುರ್ಚಿ ಎಳೆದು ದುಂಡಗೆ ಕೂತೆವು. ಮೈಕ್ ಬೇಡ ಅಂದರು ಆಕೆ. ಎಂಟು ಗಂಟೆ ಪಾಳಿ, ಎಂಟು ಗಂಟೆ ನಿದ್ದೆ, ಉಳಿದ ಎಂಟು ಗಂಟೆ ಮನೆಗೆ ಅಂತ ಬೋರ್ಡಿನ ಮೇಲೆ ಗೀಟು ಹಾಕಿ ತೋರಿಸುತ್ತಿದ್ದರು. ಬೀಗ ಹಾಕಲು ಬಾಗಿಲಲ್ಲಿ ಕಾಯುತ್ತಿದ್ದ ಕಾವಲುಗಾರರು ಅಲ್ಲಿಂದಲೇ ಕೇಳಿದರು: 'ಮೇಡಂ, ಎರಡು ಬಸ್ ಹತ್ತಿ ಹೋಗಿ ಬರೋಕೆ ನನಗೆ ಮೂರು ಗಂಟೆ ಬೇಕು. ಅದು ಯಾವ ಎಂಟರಲ್ಲಿದೆ?'

ಆಕೆ ಬೋರ್ಡನ್ನೇ ನೋಡುತ್ತಾ ಸ್ವಲ್ಪ ಹೊತ್ತು ನಿಂತರು. 'ನಮ್ಮ ಪ್ರಶ್ನಾವಳಿಯಲ್ಲಿ ಇದನ್ನ ಕೇಳೇ ಇಲ್ಲ' ಅಂದರು. ಬರೆದುಕೊಳ್ಳಲು ಪೆನ್ನು ಕೇಳಿದರು. ನನ್ನ ಜೇಬಲ್ಲಿ ಇರಲಿಲ್ಲ. ಹಾಜರಿ ಪುಸ್ತಕಕ್ಕೆ ದಾರದಲ್ಲಿ ಕಟ್ಟಿದ್ದ ಪೆನ್ನನ್ನು, ಪುಸ್ತಕದ ಸಮೇತ, ಆ ಕಾವಲುಗಾರರೇ ತಂದು ಕೊಟ್ಟರು.